ಅಪ್ಪನ ಲಯಕ್ಕೆ ಉಸಿರಾಡಿದ ಡ್ರಮ್ಮು

ಗೊಬ್ಬರದ ಚಹಾ ಎಂಬ ಹೆಸರು ಕೇಳಿದ ದಿನ ಅಪ್ಪ ಕೆಮ್ಮು ಹತ್ತುವಷ್ಟು ನಕ್ಕಿದ್ದ. “ಗಿಡಕ್ಕ ಚಹಾ ಕೊಡ್ತಿ ಅಂದಮ್ಯಾಲೆ ಬಿಸ್ಕಿಟೂ ಕೊಡಬೇಕಾಗ್ತದ ನೋಡವ್ವಾ” ಎಂದಿದ್ದ. ಅವನು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಕೊನೆ ಇರಬೇಕು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಭಂಕೂರಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳಲ್ಲಿ ಆಯುಷ್ಯವೆಲ್ಲ ಕಲ್ಲು ಕೊಯ್ದ ಅಪ್ಪನಿಗೆ ಎದೆಯೊಳಗೆ ಕಲ್ಲಿನ ಧೂಳು ಕೂತಿತ್ತು. ಗಾಳಿ ಬರಲೆಂದು ಅವನು ಮಲಗುವ ಹೊರಸನ್ನು ಹಿತ್ತಲ ಬಾಗಿಲಿಗೇ ಹಾಕಿದ್ದೆವು. ನಾನು ಶಹಾಬಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದೆವ್ವ ಭೂತ ಎಲ್ಲ ಸುಳ್ಳು ಅನ್ನುವ ಪಾಠವನ್ನು ವರ್ಷಾ ವರ್ಷ ಮಾಡಿದವಳು.

ನಮ್ಮ ಹಿತ್ತಲೆಂದರೆ ಮೇಲೆ ಗೇಣು ಮಣ್ಣು, ಕೆಳಗೆ ಬರೀ ಬಂಡೆ. ಅಪ್ಪ ನೆಟ್ಟಿದ್ದ ಎರಡು ನಿಂಬೆ ಗಿಡ ಹಳದಿ ತಿರುಗಿದ್ದವು. ಸಾವಯವ ಕೃಷಿಯ ಶಿಬಿರವೊಂದರಲ್ಲಿ ನಾನು ಕಲಿತು ಬಂದದ್ದು ಇಷ್ಟು: ಕಳಿತ ಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟು, ಒಂದು ಹಿಡಿ ಬೆಲ್ಲ ಹಾಕಿ, ಒಂದು ದಿನ ಪೂರ್ತಿ ಗಾಳಿ ಊದಬೇಕು. ಗಾಳಿ ಸಿಕ್ಕರೆ ಮಣ್ಣಿಗೆ ಬೇಕಾದ ಜೀವಿಗಳು ನೀರಿನಲ್ಲಿ ಹೆಚ್ಚುತ್ತವೆ, ತಪ್ಪಿದರೆ ಎಲ್ಲ ಕೊಳೆಯುತ್ತದೆ.

ಬೇಸಿಗೆ ಸೂಟಿ ಬಿದ್ದೊಡನೆ ನೀಲಿ ಡ್ರಮ್ಮಿಗೆ ಮೀನಿನ ತೊಟ್ಟಿಯ ಪಂಪು ಕಟ್ಟಿದೆ. ಮೊದಲ ಸಲ ಕೆಟ್ಟಿತು. ಗುಳ್ಳೆಗಳು ನೆಟ್ಟಗೆ ಮೇಲೆ ಬಂದುಬಿಡುತ್ತಿದ್ದವು, ತಳದ ನೀರು ಅಲ್ಲಾಡುತ್ತಲೇ ಇರಲಿಲ್ಲ. ಮರುದಿನ ಕೋಲು ಆಡಿಸಿದರೆ ಸತ್ತ ಇಲಿಯ ನಾತ. ಹಟ ಬಂತು. ಡ್ರಮ್ಮಿನೊಳಗೆ ಒಂದು ಪೈಪು ನಿಲ್ಲಿಸಿ, ಅದರ ಬುಡಕ್ಕೆ ಗಾಳಿಯ ನಳಿಗೆ ಸಿಕ್ಕಿಸಿದೆ. ಈಗ ಗಾಳಿ ತಳದ ನೀರನ್ನು ಪೈಪಿನೊಳಗೆ ಎತ್ತಿಕೊಂಡು ಹೋಗಿ, ಬಾಗಿದ ತುದಿಯಿಂದ ಮೇಲೆ ಚೆಲ್ಲತೊಡಗಿತು. ಗುಳುಕ್ ಎಂದು ಏರುವುದು, ಸುರ್ ಎಂದು ಇಳಿಯುವುದು, ತುಸು ತಡೆದು ಮತ್ತೆ ಗುಳುಕ್. ಸಂಜೆಗೆ ಹಳದಿ ನೊರೆ ಎದ್ದು ಮೊದಲ ಮಳೆಯ ಮಣ್ಣಿನ ವಾಸನೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರನೆಯ ದಿನ ಮಟಮಟ ಮಧ್ಯಾಹ್ನ. ಓಣಿಯಲ್ಲಿ ನಾಯಿ ಕೂಡ ಇಲ್ಲ. ಅಪ್ಪನ ಪಕ್ಕ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಕರೆಂಟು ಹೋಯಿತು, ಡ್ರಮ್ಮು ನಿಂತಿತು. ಅದರ ಕೂಡ ಇನ್ನೊಂದು ಸದ್ದೂ ನಿಂತಿತು. ತಿರುಗಿ ನೋಡಿದರೆ ಅಪ್ಪನ ಎದೆ ಏರಿದ್ದು ಇಳಿಯದೆ ಹಾಗೇ ಇದೆ, ಕಣ್ಣು ಡ್ರಮ್ಮಿನ ಮೇಲಿದೆ. ಕರೆಂಟು ಮರಳಿ ಗುಳುಕ್ ಎಂದಾಗಲೇ ಅವನು ಉಸಿರು ಬಿಟ್ಟ.

“ಯಾಕಪ್ಪಾ, ಏನಾತು?”

“ಏನಿಲ್ಲವ್ವಾ. ಅದರ ಕೂಡ ಹೊಂಟ್ರ ದಮ್ಮು ಹತ್ತಂಗಿಲ್ಲ, ಹಗುರ ಆಗ್ತದ.”

ಮರುದಿನ ನಾನು ಮಾಡಿದ್ದನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದಾಗ ಪೈಪನ್ನು ನಾಲ್ಕು ಬೆರಳು ಮೇಲೆತ್ತಿ ಕಟ್ಟಿದೆ. ನೀರು ಹೆಚ್ಚು ಎತ್ತರ ಏರಬೇಕಾದ್ದರಿಂದ ಎರಡು ಗುಳುಕಿನ ನಡುವಿನ ತಡೆ ಉದ್ದವಾಯಿತು. ಸ್ವಲ್ಪ ಹೊತ್ತಿಗೆ ಅಪ್ಪನ ಉಸಿರಿನ ನಡುವೆಯೂ ಅಷ್ಟೇ ಉದ್ದದ ತಡೆ ಬಂತು. ಅವನ ತುಟಿ ಕಪ್ಪಾಗುತ್ತಿತ್ತು. ಗಂಟು ಬಿಚ್ಚಲಾಗದೆ ಹಲ್ಲಿನಿಂದ ಹಗ್ಗ ಕಚ್ಚಿ ಪೈಪು ಇಳಿಸಿದೆ. ಹೆತ್ತಪ್ಪನ ಮೇಲೆ ಪ್ರಯೋಗ ಮಾಡಿದ ಪಾಪಿ ನಾನು.

ಅಲ್ಲಿಂದ ಪಂಪನ್ನು ನಿಲ್ಲಿಸಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಬ್ಯಾಟರಿ ತಂದು ಜೋಡಿಸಿದೆ. ಚಹಾ ಹದಕ್ಕೆ ಬಂದಾಗ ಅರ್ಧ ಮಾತ್ರ ತೆಗೆದು ನಿಂಬೆಗೆ ಹೊಯ್ದು, ಗಾಳಿ ನಿಲ್ಲದ ಹಾಗೆಯೇ ಹೊಸ ನೀರು, ಗೊಬ್ಬರ, ಬೆಲ್ಲ ಹಾಕುತ್ತಿದ್ದೆ. ಪೈಪಿನಲ್ಲಿ ಕಸ ಸಿಕ್ಕೀತೆಂದು ತಾಸಿಗೊಮ್ಮೆ ಇಣುಕುತ್ತಿದ್ದೆ. ರೊಟ್ಟಿ ಬಡಿಯುವಾಗಲೂ ಕಿವಿ ಹಿತ್ತಲಲ್ಲೇ. ಗುಳುಕ್ ಅಂದರೆ ಅಪ್ಪ ಇದ್ದಾನೆ, ಅಷ್ಟೇ ಲೆಕ್ಕ.

“ನಿನ್ನ ಮಗಳಿಗಿ ಡ್ರಮ್ಮಿನ ಹುಚ್ಚು ಹಿಡದದ” ಎಂದು ಅಪ್ಪ ಅವ್ವನ ಹತ್ತಿರ ಚೇಷ್ಟೆ ಮಾಡುತ್ತಿದ್ದ. ಅವನ ದನಿ ಸಣ್ಣಗಾಗುತ್ತ ಬಂದದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಸೂಟಿಯ ಕೊನೆಯ ವಾರ, ಅಂಥದೇ ಒಂದು ಮಧ್ಯಾಹ್ನ ಅಪ್ಪ ಕೈ ಮಾಡಿ ಕರೆದ. “ಬಾರವ್ವಾ, ಒಂದೀಟು ನನ್ನ ಕಡಿ ಕುಂದ್ರು.”

“ಬಂದೆ ಅಪ್ಪಾ, ಪೈಪ್ ಸಾಫ್ ಮಾಡಿ ಬಂದೆ” ಎಂದು ಡ್ರಮ್ಮಿಗೆ ಹೋದೆ. ಎರಡು ಗುಳುಕಿನ ನಡುವೆ ತಡೆ ಹೆಚ್ಚಾಗಿತ್ತು. ತೆಳ್ಳಗಿನ ಕಡ್ಡಿ ಹಾಕಿ ಎಳೆದೆ, ನಳಿಗೆ ಸರಿಸಿದೆ. ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ಲಯ ಸರಿಹೋಯಿತು, ನೊರೆ ಎದ್ದಿತು. ಹೊರಸಿಗೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ, ಆ ಸದ್ದು ಕೇಳುತ್ತ ಎಷ್ಟೋ ದಿನದ ಮೇಲೆ ನಿಶ್ಚಿಂತೆಯಾಗಿದ್ದೆ.

ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ತಂಬಿಗೆ ಬಿದ್ದ ಸದ್ದಿಗೆ ತಿರುಗಿ ನೋಡಿದೆ. ಅಪ್ಪನ ಕೈ ನನ್ನ ಕಡೆಗೆ ಚಾಚಿದ್ದು ಹಾಗೇ ಹೊರಸಿನಿಂದ ಕೆಳಗೆ ಜೋತಿತ್ತು. ಅವ್ವ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದಳು.

“ಮೈ ತಣ್ಣಗ ಆಗ್ಯಾದಲ್ಲೇ... ಇಲ್ಲೇ ಇದ್ದೆಲ್ಲ ನೀ, ಯಾವಾಗ ಉಸುರು ನಿಂತದ?”

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಬೆನ್ನ ಹಿಂದೆ ಡ್ರಮ್ಮು ಅವನದೇ ಲಯದಲ್ಲಿ ಉಸಿರಾಡುತ್ತಲೇ ಇತ್ತು.