ಮಣ್ಣಿನ ಪರವಾನಗಿ

ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೊಸ ಔಷಧ ಸಿಗಬಹುದೆಂದು ತೊಂಬತ್ತರ ದಶಕದಲ್ಲಿ ನಮ್ಮ ಪ್ರಯೋಗಾಲಯದವರು ನನ್ನನ್ನು ಸೂಪಾದ ಕಾಡಿಗೆ ಅಟ್ಟಿದ್ದರು. ನಾಲ್ಕು ದಿನ ಅಲೆದು, ಮಣ್ಣಿನ ಪೊಟ್ಟಣಗಳೊಂದಿಗೆ ಗಣೇಶಗುಡಿ ದಾರಿಯ ಅರಣ್ಯ ತಪಾಸಣಾ ನಾಕಾಕ್ಕೆ ಬಂದೆ.

"ಏನೈತ್ರಿ ಈ ಮಣ್ಣಾಗ?" ಎಂದರು ವಯಸ್ಸಾದ ಗಾರ್ಡು.

"ಒಂದು ಚಮಚದಲ್ಲಿ ಕೋಟ್ಯಂತರ ಜೀವಿಗಳಿವೆ," ಎಂದೆ ಹೆಮ್ಮೆಯಿಂದ.

ಅವರು ಪೆನ್ನು ಕೆಳಗಿಟ್ಟರು. "ಜೀವಂತ ಅದಾವೇನ್ರಿ?"

"ಹೌದು, ಸತ್ತರೆ ಪ್ರಯೋಜನವಿಲ್ಲ."

"ಹಂಗಾರ ಬಿಡಾಕ ಬರೂದಿಲ್ರಿ ಸರ. ನಿಮ್ಮ ಕಾಗದದಾಗ ಬರೇ ಮಣ್ಣು ಐತಿ. ಜೀವ ಒಯ್ಯಾಕ ಬ್ಯಾರೆ ಪರ್ಮಿಷನ್ ಬೇಕು."

"ಅವು ಕಣ್ಣಿಗೇ ಕಾಣುವುದಿಲ್ಲ."

"ಕಾಣೂದಿಲ್ಲಂದ್ರ ರಿಜಿಸ್ಟರಿನ್ಯಾಗ ಎಷ್ಟಂತ ಬರೀಲ್ರಿ?"

ನಾಲ್ಕು ದಿನದ ದುಡಿಮೆಯನ್ನು ಬೇಲಿಯಾಚೆ ಸುರಿದೆ. ನನ್ನ ಮುಖ ನೋಡಿ ಅವರಿಗೇ ಕನಿಕರ ಬಂತು. "ಬೂಟಿಗೆ ಹತ್ತಿದ್ದಕ್ಕ ರೂಲ್ ಇಲ್ರಿ," ಎಂದರು ಮೆಲ್ಲಗೆ.

ಬಸ್ಸಿನಲ್ಲಿ ಕಾಲನ್ನು ನೆಲಕ್ಕೆ ತಾಗಿಸದೆ ಕುಳಿತೆ. ಎಡ ಬೂಟಿನ ಮಣ್ಣಿನಲ್ಲಿದ್ದ ಒಂದು ಜೀವಿ ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುಗಳನ್ನು ಚೊಕ್ಕವಾಗಿ ಕೊಂದಿತು. ವರದಿಯ 'ಸಂಗ್ರಹಿಸಿದ ಸ್ಥಳ' ಎಂಬಲ್ಲಿ ನಾನು 'ಎಡ ಬೂಟು' ಎಂದು ಬರೆದಿದ್ದೆ. ಮೇಲಧಿಕಾರಿ ಅದನ್ನು ಹೊಡೆದು 'ದಟ್ಟ ಅರಣ್ಯ' ಎಂದು ತಿದ್ದಿದರು. ಆ ನಾಲ್ಕು ದಿನ ಕಾಡಂಚಿನಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಎಮ್ಮೆ ಕೊಟ್ಟಿಗೆಯನ್ನು ಆ ಬೂಟು ದಿನಾ ದಾಟುತ್ತಿತ್ತೆಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.