ತೇವದ ಸಾಹೇಬರ ಬಿಳಿ ಪೆಟ್ಟಿಗೆ

ಮೂವತ್ತೊಂದು ವರ್ಷ ಹವಾಮಾನ ಕಚೇರಿಯಲ್ಲಿ ಗಾಳಿಯ ತೇವ ಅಳೆದು ಬರೆದ ಮನುಷ್ಯ ನಿವೃತ್ತರಾದ ಮೇಲೆ ಕೈಕಟ್ಟಿ ಕೂರುತ್ತಾರೆಯೇ? ಬೀಳ್ಕೊಡುವಾಗ ಕಚೇರಿಯವರು ಅಂಗಳದಲ್ಲಿದ್ದ ಹಳೆಯ ಬಿಳಿ ಪೆಟ್ಟಿಗೆಯನ್ನೇ ಕೊಟ್ಟು ಕೈತೊಳೆದುಕೊಂಡರು. ಆಳೆತ್ತರದ ಮರದ ಪೆಟ್ಟಿಗೆ. ಒಳಗಿನ ಗಾಜಿನ ಮಾಪಕಗಳಿಗೆ ಬಿಸಿಲು ತಾಗದೆ ಗಾಳಿ ಮಾತ್ರ ಆಡಲೆಂದು ಸುತ್ತಲೂ ಓರೆ ಪಟ್ಟಿಗಳು. ಸಾಹೇಬರು ಅದನ್ನು ಮಲಗುವ ಕೋಣೆಗೆ ತಂದು, ಅಲ್ಲಿದ್ದ ಒಂದೇ ಒಂದು ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದರು. ಬೀದಿಯವರು ಅವರಿಗೆ ತೇವದ ಸಾಹೇಬರು ಎಂದು ಹೆಸರಿಟ್ಟರು.

"ರೀ, ಕಿಟಕಿ ಮುಚ್ಚೋಯ್ತಲ್ಲ," ಎಂದು ಹೆಂಡತಿ ಅಂದೇ ಹೇಳಿದ್ದರು.

"ಮಾಪಕ ಒಂದ್ಸಲ ಇಟ್ಟ ಮೇಲೆ ಜಾಗ ಬದಲಾಯಿಸೋ ಹಾಗಿಲ್ಲ. ನಿಯಮ ಅದು," ಎಂದರು ಸಾಹೇಬರು.

ಸಾಹೇಬರು ದಿನಾ ಮೂರು ಗಂಟೆಗೆ ತೇವ ಅಳೆದು ಹಾಳೆಯಲ್ಲಿ ಬರೆದಿಡುತ್ತಿರುವಂತೆಯೇ ನಾಲ್ಕು ವರ್ಷ ಕಳೆಯಿತು. ಮಂಚದ ಹಿಂದಿನ ಗೋಡೆ ಕಪ್ಪಗೆ ಬೂಷ್ಟು ಹಿಡಿಯಿತು, ಬೀರುವಿನಲ್ಲಿದ್ದ ಚಪ್ಪಲಿಗೂ ಹಸಿರು ಕೂದಲು ಬಂತು. ಹೆಂಡತಿಗೆ ಕೆಮ್ಮು ಶುರುವಾಯಿತು. ಆ ಕೋಣೆ ಒಣಗದಿದ್ದರೆ ಅವರು ಬೇರೆ ಕಡೆ ಇರಬೇಕು ಎಂದು ವೈದ್ಯೆ ಖಡಾಖಂಡಿತವಾಗಿ ಹೇಳಿದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿಯ ಅಕ್ಕ ಫೋನು ಮಾಡಿದರು.

ಆಕೆಯಿಲ್ಲದ ಮನೆಯಲ್ಲಿ ಸಾಹೇಬರಿಗೆ ಒಂದು ದಿನವೂ ಇದ್ದು ಗೊತ್ತಿರಲಿಲ್ಲ. ಆದರೆ ಭಯವಾಗುತ್ತಿದೆ ಎಂದು ಹೇಳಲು ಬರುವ ಜಾತಿಯ ಗಂಡಸು ಅವರಲ್ಲ. ಟೊಂಕ ಕಟ್ಟಿ ಯುದ್ಧಕ್ಕೆ ಇಳಿದರು.

ಹೂವಿನ ಕುಂಡ ಗಡೀಪಾರಾಯಿತು. ಹಾಲು ಕಾಯಿಸುವ ಪಾತ್ರೆಯ ಮುಚ್ಚಳದ ಮೇಲೆ ಕಲ್ಲು ಬಂತು. ನೆಂಟರು ಮೆಟ್ಟಿಲ ಮೇಲೆ ನಿಂತು, ಮುಖ ಬೀದಿಗೆ ಮಾಡಿ ಮಾತಾಡಬೇಕಾಯಿತು. ಹೊರಗಿನ ತೇವ ನುಸುಳಬಾರದೆಂದು ಬಾಗಿಲ ಸಂದಿಗೂ ಬಟ್ಟೆ ತುರುಕಿದರು. ಉಸಿರಿನಲ್ಲೂ ನೀರಿದೆಯೆಂದು ನೆನಪಾದ ಮೇಲಂತೂ ಉಸಿರಿಗೇ ಪಾಳಿ ಹಾಕಿದರು. ತಮ್ಮ ಪಾಳಿ ಬಂದಾಗ ಜಗಲಿಗೆ ಹೋಗಿ ಉಸಿರಾಡಿ ಬರುತ್ತಿದ್ದರು.

"ನಾನು ಉಸಿರಾಡ್ಲೋ ಬೇಡ್ವೋ?" ಎಂದರು ಹೆಂಡತಿ.

"ಆಡು. ಸ್ವಲ್ಪ ಕಮ್ಮಿ ಆಡು."

ಶನಿವಾರ ಮಾಪಕದಲ್ಲಿ ತೇವ ಶೇಕಡಾ ತೊಂಬತ್ತೊಂದಾಯಿತು. ಹಿಂದೆಂದೂ ಅಷ್ಟು ಏರಿರಲಿಲ್ಲ.

ಭಾನುವಾರ ಅಕ್ಕ ಬಂದರು. ಸೊರಗಿದ ತಂಗಿಯನ್ನು ನೋಡಿ ಅವರ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

"ಅತ್ತಿಗೆ, ಅಳೋದಿದ್ರೆ ಹೊರಗಡೆ ಹೋಗಿ ಅತ್ತು ಬನ್ನಿ," ಎಂದರು ಸಾಹೇಬರು. "ಅದೂ ನೀರೇ ಅಲ್ವಾ."

ಅಕ್ಕ ತಂಗಿಯ ಚೀಲ ಎತ್ತಿಕೊಂಡರು. ತಂಗಿ ಕೋಣೆಯ ಹೊಸ್ತಿಲಲ್ಲಿ ನಿಂತು ಕೆಮ್ಮಿ, ಸುಧಾರಿಸಿಕೊಂಡು, ಗಂಡನತ್ತ ತಿರುಗಿದರು.

"ಆ ಪೆಟ್ಟಿಗೆ ಪಟ್ಟಿಗಳ ಧೂಳನ್ನ ದಿನಾ ಬೆರಳಲ್ಲಿ ಒರೆಸ್ತೀರ. ಯಾಕೆ?"

"ಒಳಗೆ ಗಾಳಿ ಆಡ್ಬೇಕಲ್ಲ."

"ಒಂದು ಗಾಜಿನ ಕಡ್ಡಿಗೆ ಇಷ್ಟು ಗಾಳಿ ಬೇಕು. ನನಗೆ ಬೇಡ್ವಾ?"

ಸಾಹೇಬರು ಬಾಯಿ ತೆರೆದರು. ನಿಯಮ ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ನಿಂತಿತು. ಮರುಗಳಿಗೆ ಅವರು ಪೆಟ್ಟಿಗೆಗೆ ಹೆಗಲು ಕೊಟ್ಟು ತಳ್ಳುತ್ತಿದ್ದರು. ಅಕ್ಕ ಚೀಲ ಕೆಳಗಿಟ್ಟು ಆ ಕಡೆಯಿಂದ ಎಳೆದರು. ಉಬ್ಬಿ ಕೂತಿದ್ದ ಕಿಟಕಿ ನಾಲ್ಕು ಗುದ್ದು ತಿಂದು ತೆರೆದುಕೊಂಡಿತು. ಗಾಳಿ ನುಗ್ಗಿ ನಾಲ್ಕು ವರ್ಷದ ದಾಖಲೆಯ ಹಾಳೆಗಳನ್ನು ಕೋಣೆಯ ತುಂಬ ಚೆಲ್ಲಿತು. ಯಾರೂ ಆರಿಸಲು ಹೋಗಲಿಲ್ಲ.

"ಹದಿನೈದು ದಿನ ನೋಡ್ತೀನಿ," ಎಂದು ಎಚ್ಚರಿಸಿ ಅಕ್ಕ ಒಬ್ಬರೇ ಹೊರಟರು.

ಸಾಹೇಬರು ಪೆಟ್ಟಿಗೆಯ ಪಟ್ಟಿಬಾಗಿಲನ್ನು ಬಿಚ್ಚಿ ಕಿಟಕಿಗೆ ಜಡಿದರು. ಮಳೆ ಹೊರಗುಳಿಯಿತು, ಗಾಳಿ ಒಳಗೆ ಬಂತು. ಮಂಚವನ್ನು ಗೋಡೆಯಿಂದ ಒಂದು ಮೊಳ ಸರಿಸಿ, ಬೂಷ್ಟನ್ನು ಸೋಪುನೀರಿನಲ್ಲಿ ತಾವೇ ತಿಕ್ಕಿದರು.

ಹದಿಮೂರನೆಯ ದಿನ ಮಧ್ಯಾಹ್ನ ಹೆಂಡತಿ ಎರಡು ತಾಸು ನಿದ್ದೆ ಮಾಡಿದರು. ಪಕ್ಕದಲ್ಲಿ ಕೂತಿದ್ದ ಸಾಹೇಬರು ಮೂರು ಗಂಟೆಗೆ ಹೊಸ ದಾಖಲೆ ಪುಸ್ತಕ ತೆರೆದರು. ತೇವದ ಅಂಕಣವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಬರೆದರು: ಕೆಮ್ಮು, ಇಲ್ಲ.

ಆ ಅಕ್ಷರಗಳ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಸಾಹೇಬರು ಸದ್ದಾಗದಂತೆ ಎದ್ದು, ಅಳಲು ಹೊರಗೆ ಹೋದರು.