ಓಲ್ಡಾನ್

ನಮ್ಮಪ್ಪ ಹುಣಸೂರಿನಿಂದ ಎಚ್.ಡಿ. ಕೋಟೆ ಮೇಲೆ ಎನ್. ಬೇಗೂರಿಗೆ ಹೋಗುವ ಬಸ್ಸಿನ ಕಂಡಕ್ಟರಾಗಿದ್ದರು. ನಿವೃತ್ತರಾದ ಮರುವರ್ಷ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಎರಡೇ ಪದ: ಬಸ್ಸು ಬಿಡಿಸುವ ‘ರೈಟ್’, ನಿಲ್ಲಿಸುವ ‘ಓಲ್ಡಾನ್’. ಅನ್ನ ಸಾಕೆಂದರೆ ಓಲ್ಡಾನ್, ಸ್ನಾನದ ನೀರು ಸುಟ್ಟರೂ ಓಲ್ಡಾನ್. ನನ್ನ ಹೆಸರು ಬರಲಿಲ್ಲ.

ಆ ವರ್ಷವೇ ನನಗೆ ಚೀನಾದ ದೊಡ್ಡ ನಗರವೊಂದರಲ್ಲಿ ಭಾಷೆ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿತು. ಎರಡು ವರ್ಷ. ಅಷ್ಟರೊಳಗೆ ಅಪ್ಪ ನನಗೆಂದೇ ಒಂದು ಮಾತಾಡಿಯಾರು ಎಂದುಕೊಂಡು ಹೋದೆ.

ಭಾನುವಾರ ಫೋನ್ ಮಾಡಿದರೆ ಅಮ್ಮ ರಿಸೀವರನ್ನು ಅವರ ಕಿವಿಗೆ ಹಿಡಿಯುತ್ತಿದ್ದಳು. ಉತ್ತರ ಕೊಡಲಾಗದವರೊಡನೆ ಏನು ಮಾತಾಡುವುದು? ನಾನು ದಿನವೂ ಹತ್ತುವ ಟ್ರ್ಯಾಮಿನ ವಿಷಯ ಹೇಳುತ್ತಿದ್ದೆ. ಹೊಸ ಮಾರ್ಗ, ರಸ್ತೆಯ ನಡುವೆ ಹಳಿ, ಹಳಿಗಳ ಮಧ್ಯೆ ಹುಲ್ಲು. ಬಾಗಿಲು ತಾನೇ ತೆರೆಯುತ್ತದೆ, ಸ್ಟಾಪಿನ ಹೆಸರನ್ನು ರೆಕಾರ್ಡು ಹೇಳುತ್ತದೆ, ಚಿಲ್ಲರೆಯನ್ನು ಡಬ್ಬಕ್ಕೆ ಹಾಕಬೇಕು. ಕಂಡಕ್ಟರಿಲ್ಲ ಎಂದಾಗ, ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಅವರನ್ನು ರೇಗಿಸಿದಳು: “ನಿಮ್ ಕೆಲ್ಸ ಅಲ್ಲೂ ಓಯ್ತು ಕಣ್ರೀ.”

ಒಮ್ಮೆ ಸದ್ದು ಕೇಳಿಸೋಣವೆಂದು ಟ್ರ್ಯಾಮಿನಿಂದಲೇ ಫೋನ್ ಮಾಡಿದೆ. ಬಾಗಿಲು ಮುಚ್ಚಿತು. ಡ್ರೈವರು ಒಂದು ಸಲ ಗಂಟೆ ಬಾರಿಸಿ ಹೊರಟ. ಆ ಕಡೆಯಿಂದ ಸ್ಪಷ್ಟವಾಗಿ ಕೇಳಿತು: “ಓಲ್ಡಾನ್.”

ಅವರ ಬಸ್ಸಿನ ಲೆಕ್ಕದಲ್ಲಿ ಗಂಟೆ ಎರಡು ಸಲ ಬಾರಿಸಿದರೆ ಹೊರಡಬೇಕು, ಒಂದೇ ಸಲವಾದರೆ ನಿಲ್ಲಬೇಕು. ಇಲ್ಲಿ ಒಂದಕ್ಕೇ ಹೊರಡುತ್ತಾರಪ್ಪ ಎಂದು ತಿದ್ದಿದೆ. ಅವರು ಇನ್ನೊಮ್ಮೆ ಓಲ್ಡಾನ್ ಎಂದರು. ಗಂಟೆ ಎಣಿಸಿದ್ದಾರೆ, ಅಂದರೆ ಬುದ್ಧಿ ನೆಟ್ಟಗಿದೆ, ಮಾತೂ ಬರುತ್ತದೆ ಎಂದು ಆ ವಾರವೆಲ್ಲ ನಂಬಿಕೊಂಡಿದ್ದೆ.

ರಜೆಗೆ ಬಂದಾಗ ಅವರು ಇನ್ನೂ ಇಳಿದುಹೋಗಿದ್ದರು. ಹತ್ತು ದಿನ ಮಂಚದ ಬಳಿ ಕುಳಿತೆ. ನನ್ನತ್ತ ನೋಡಿದರೋ ಗೋಡೆಯತ್ತ ನೋಡಿದರೋ ತಿಳಿಯಲಿಲ್ಲ. ಹೊರಡುವ ಬೆಳಿಗ್ಗೆ, “ಹೋಗ್ಬತ್ತೀನಪ್ಪ” ಎಂದೆ.

“ಓಲ್ಡಾನ್.”

ಬ್ಯಾಗು ಕೆಳಗಿಟ್ಟೆ. ಅಮ್ಮ ಅಡುಗೆಮನೆಯಿಂದಲೇ ಹೇಳಿದಳು: “ಆಲಿನವ್ನು ಒಂಟ್ರೂ ಅಂಗೇ ಅಂತರೆ ಕಣವ್ವ. ಬಸ್ಸು ತೆಪ್ಪೋಯ್ತದೆ, ಒಲ್ಡು ಬುಡು.”

ಅಪ್ಪನ ಬಲಗಣ್ಣಿನಲ್ಲಿ ನೀರಿತ್ತು. ಲಕ್ವ ಹೊಡೆದಂದಿನಿಂದ ಆ ಕಣ್ಣು ಸದಾ ಒಸರುತ್ತಲೇ ಇತ್ತು. ಬ್ಯಾಗು ಎತ್ತಿಕೊಂಡೆ.

ಮೂರನೆಯ ತಿಂಗಳು ಅಮ್ಮನ ಫೋನ್ ಬಂತು. ನಾನು ತಲುಪುವಷ್ಟರಲ್ಲಿ ನಮ್ಮೂರು ಕಟ್ಟೆಮಳಲವಾಡಿಯ ಹೊಲದಲ್ಲಿ ಅಪ್ಪನಿಗೆ ಮಣ್ಣು ಮುಚ್ಚಿಯಾಗಿತ್ತು. ನಾನು ಹೊರಟಾಗಿನ ಆ ಓಲ್ಡಾನ್ ಹಾಲಿನವನಿಗೆ ಹೇಳಿದಂಥದ್ದೋ, ನನಗೆ ಹೇಳಿದ್ದೋ, ಅಮ್ಮನನ್ನು ಕೇಳಲಿಲ್ಲ. ಅವಳಿಗೂ ಗೊತ್ತಿರಲಾರದು.

ಓದು ಇನ್ನೂ ಎಂಟು ತಿಂಗಳಿತ್ತು, ಚೀನಾಕ್ಕೆ ಹಿಂದಿರುಗಿದೆ. ಟ್ರ್ಯಾಮು ಅದೇ ಹೊತ್ತಿಗೆ ಬಂತು. ಹತ್ತಿದೆ, ಡಬ್ಬಕ್ಕೆ ಚಿಲ್ಲರೆ ಹಾಕಿದೆ. ಡ್ರೈವರು ಒಂದು ಸಲ ಗಂಟೆ ಬಾರಿಸಿದ. ಟ್ರ್ಯಾಮು ಹೊರಟಿತು.